ಜಾಲತಂತ್ರಾಂಶಗಳ ಯೋಗಕ್ಷೇಮವಿಚಾರ

೧

ದೊರೆಯದಿರುವುದನ್ನು ದೊರಕಿಸಿಕೊಳ್ಳುವುದು ಯೋಗವೆಂದೂ, ದೊರೆತುದನ್ನು ಕೆಡದಂತೆ ಕಾಪಾಡಿಕೊಳ್ಳುವುದು ಕ್ಷೇಮವೆಂದೂ ನಮ್ಮ ವ್ಯಾಖ್ಯಾನಕಾರರು ಬೇರ್ಪಡಿಸಿ ಹೇಳಿರುವುದು ವಾಚಕರಿಗೆ ವಿದಿತವಾದ ವಿಷಯವೇ ಆಗಿದೆ. ಎರಡು ಪದಗಳೂ ಒಂದೇ ಸಮಾಸವಾಗಿ ಬಳಕೆಯಲ್ಲಿ ನಿಂತಿರುವುದರಿಂದ, ಒಂದಿಲ್ಲದೆ ಇನ್ನೊಂದು ನಿಲ್ಲಲಾರದೆಂಬ ಅಭಿಪ್ರಾಯವೂ ಅದರಲ್ಲಿ ಅಡಗಿದೆಯೆನ್ನಬಹುದು. ಗಣಕಯಂತ್ರಗಳಿಗೆ ತಂತ್ರಾಂಶವನ್ನು ರಚಿಸುವ ವೃತ್ತಿಯಲ್ಲಿಯೂ ಈ ಎರಡು ಕರ್ಮಗಳುಂಟು. ಹೊಸ ತಂತ್ರಾಂಶವನ್ನು ಬರೆಯುವವರದು ಒಂದು ವರ್ಗ. ಬರೆದುದು ಹಗಲಿರುಳೂ ನಿಲ್ಲದೆ ನಡೆಯುವಂತೆ ಸರ್ವರುಗಳನ್ನು ಕಾಯುವವರದು ಇನ್ನೊಂದು ವರ್ಗ. ಮೊದಲನೆಯವರಿಗೆ ಡೆವಲಪರುಗಳೆಂದೂ, ಎರಡನೆಯವರ ಕೆಲಸಕ್ಕೆ ಆಪರೇಷನ್ಸ್ ಎಂದೂ ಹೆಸರು.

ಕಳೆದ ಮೂವತ್ತು ವರ್ಷಗಳಲ್ಲಿ ಈ ವೃತ್ತಿಯೊಳಗೆ ಒಂದು ಹೊಸ ಪದ್ಧತಿಯು ತಲೆದೋರಿದೆ. ನಾಲ್ಕೈದು ಜನರ ಸಣ್ಣ ಬಳಗವೊಂದು, ಕಾಯುವುದಕ್ಕೆಂದೇ ಪ್ರತ್ಯೇಕವಾಗಿ ಒಬ್ಬನನ್ನೂ ನೇಮಿಸಿಕೊಳ್ಳದೆ, ತಾನು ಬರೆದ ಜಾಲತಂತ್ರಾಂಶವನ್ನು ದಿನಕ್ಕೆ ಹಲವು ಬಾರಿ ಬದಲಾಯಿಸಿ ಜನರ ಮುಂದಿಡುತ್ತದೆ. ಇದರಿಂದ ಪಾಲಕವರ್ಗವೇ ಲೋಪವಾಯಿತೆಂದೂ, ಇನ್ನು ಯೋಗವೊಂದಿದ್ದರೆ ಸಾಕು, ಕ್ಷೇಮವು ತಾನಾಗಿಯೇ ನಡೆಯುವುದೆಂದೂ ಕೆಲವರ ಮತ. ಈ ಮತವು ಇತಿಹಾಸದ ಪ್ರಮಾಣಗಳ ಮುಂದೆ ನಿಲ್ಲುವುದೋ ಇಲ್ಲವೋ ಎಂಬುದನ್ನು ಪರಿಶೀಲಿಸುವುದೇ ಪ್ರಕೃತ ಲೇಖನದ ಉದ್ದೇಶ.

ಮೊದಲು ಪರಿಭಾಷೆಯನ್ನು ಕುರಿತು ಒಂದೆರಡು ಮಾತು. ಬರೆದು ಮುಗಿಸಿದ ತಂತ್ರಾಂಶವನ್ನು ಜನರು ಉಪಯೋಗಿಸುವ ಸರ್ವರಿಗೆ ಒಯ್ದು ಚಾಲನೆಗೊಳಿಸುವುದನ್ನು ಆ ವೃತ್ತಿಯವರು ಡಿಪ್ಲಾಯ್ ಮಾಡುವುದೆನ್ನುತ್ತಾರೆ. ವ್ಯುತ್ಪತ್ತಿಗಿಂತ ರೂಢಿಯೇ ಬಲವತ್ತರವಾದುದರಿಂದ ಇಲ್ಲಿಯೂ ಅದೇ ಪದವನ್ನಿಟ್ಟುಕೊಂಡಿದೆ. ಪೆಟ್ಟಿಗೆಯಲ್ಲಿ ಮಾರಾಟವಾಗುತ್ತಿದ್ದ ಹಿಂದಿನ ತಂತ್ರಾಂಶವು ಅಚ್ಚಾದ ಗ್ರಂಥದಂತೆ. ಪ್ರತಿಗಳು ಮನೆಮನೆಗೆ ಹೋದಮೇಲೆ ತಪ್ಪು ಕಂಡುಬಂದರೆ ಶುದ್ಧಿಪತ್ರವನ್ನು ಕಳುಹಿಸಬೇಕು. ಇಲ್ಲವೆ ಎರಡನೆಯ ಮುದ್ರಣದವರೆಗೆ ಕಾದಿರಬೇಕು. ಜಾಲತಂತ್ರಾಂಶವಾದರೋ ಒಂದು ಭಂಡಾರದಲ್ಲಿರುವ ಏಕೈಕ ಮೂಲಪ್ರತಿಯಂತೆ; ಓದುವವರೆಲ್ಲರೂ ಅಲ್ಲಿಗೇ ಬಂದು ಓದುತ್ತಾರೆ. ಅದರಲ್ಲಿ ಒಂದಕ್ಷರವನ್ನು ತಿದ್ದಿದರೆ ಆ ಕ್ಷಣದಿಂದ ಎಲ್ಲರಿಗೂ ತಿದ್ದಿದ ಪಾಠವೇ ದೊರೆಯುತ್ತದೆ; ಕೆಡಿಸಿದರೆ ಎಲ್ಲರಿಗೂ ಕೆಟ್ಟ ಪಾಠವೇ ದೊರೆಯುತ್ತದೆ. ಮುಂದೆ ಹೇಳುವ ಗುಣದೋಷಗಳಲ್ಲಿ ಬಹುಭಾಗವು ಈ ಒಂದು ಭೇದದಿಂದ ಹುಟ್ಟಿದುದು.

೨

ಪ್ರಾರಂಭದಲ್ಲಿ ರಚಿಸುವವರೂ ಕಾಯುವವರೂ ಬೇರೆಬೇರೆಯಾಗಿರಲಿಲ್ಲ. ಅಮೆರಿಕದ ಪೆನ್ಸಿಲ್ವೇನಿಯ ವಿಶ್ವವಿದ್ಯಾನಿಲಯದಲ್ಲಿ ನಿರ್ಮಿತವಾಗಿ ೧೯೪೬ರಲ್ಲಿ ಪ್ರಕಟಪಡಿಸಲ್ಪಟ್ಟ ಎನಿಯಾಕ್ ಎಂಬ ಯಂತ್ರಕ್ಕೆ ಲೆಕ್ಕಗಳನ್ನು ಅಳವಡಿಸಿಕೊಟ್ಟವರು ಆರು ಮಂದಿ ಮಹಿಳೆಯರು. ತಂತಿಗಳನ್ನು ಜೋಡಿಸುವವರೂ, ಸ್ವಿಚ್ಚುಗಳನ್ನು ತಿರುಗಿಸುವವರೂ, ಲೆಕ್ಕವು ತಪ್ಪಿದಾಗ ದೋಷವು ಎಲ್ಲಿದೆಯೆಂದು ಹುಡುಕುವವರೂ ಅವರೇ ಆಗಿದ್ದರು.

ಮುಂದಿನ ದಶಕದಲ್ಲಿ ಈ ಐಕ್ಯವು ಒಡೆಯಿತು. ಅದಕ್ಕೆ ಕಾರಣವು ಯಂತ್ರದ ಬೆಲೆ. ಮನುಷ್ಯನ ಒಂದು ಗಂಟೆಗಿಂತ ಯಂತ್ರದ ಒಂದು ಗಂಟೆಯು ಬಹುಪಾಲು ದುಬಾರಿಯಾಗಿದ್ದುದರಿಂದ ಅದನ್ನು ಒಂದು ಕ್ಷಣವೂ ಬರಿದೆ ಬಿಡುವಂತಿರಲಿಲ್ಲ. ೧೯೫೬ರಲ್ಲಿ ಜನರಲ್ ಮೋಟರ್ಸ್ ಮತ್ತು ನಾರ್ತ್ ಅಮೆರಿಕನ್ ಏವಿಯೇಷನ್ ಸಂಸ್ಥೆಗಳು ಐ.ಬಿ.ಎಂ. ೭೦೪ ಯಂತ್ರಕ್ಕಾಗಿ ರಚಿಸಿದ ವ್ಯವಸ್ಥೆಯು, ಒಂದು ಕೆಲಸ ಮುಗಿದೊಡನೆ ಮುಂದಿನದನ್ನು ಯಂತ್ರವು ತಾನೇ ಎತ್ತಿಕೊಳ್ಳುವಂತೆ ಮಾಡಿದುದು ಈ ಉದ್ದೇಶದಿಂದಲೇ. ಕ್ರಮೇಣ ಯಂತ್ರವು ಬೀಗ ಹಾಕಿದ ಕೊಠಡಿಯನ್ನು ಸೇರಿತು. ಅದನ್ನು ಮುಟ್ಟುವ ಅಧಿಕಾರವು ಆಪರೇಟರುಗಳಿಗೆ ಮಾತ್ರ ಉಳಿಯಿತು. ಬರೆಯುವವನು ರಂಧ್ರಗಳನ್ನು ಕೊರೆದ ಕಾರ್ಡುಗಳ ಕಟ್ಟನ್ನು ಅವರ ಕೈಗೆ ಕೊಟ್ಟು, ಫಲವು ಅಚ್ಚಾಗಿ ಬರುವವರೆಗೆ ಗಂಟೆಗಟ್ಟಲೆ ಹೊರಗೆ ಕಾದಿರುತ್ತಿದ್ದನು. ಮುಂದೆ ಯಂತ್ರಗಳು ಅಗ್ಗವಾಗಿ ಸಂಖ್ಯೆಯಲ್ಲಿ ಹೆಚ್ಚಿದಾಗಲೂ ಈ ವಿಭಾಗವು ಉಳಿದುಕೊಂಡಿತು. ಯೂನಿಕ್ಸ್ ವ್ಯವಸ್ಥೆಗಳನ್ನು ನೋಡಿಕೊಳ್ಳುವ ಸಿಸ್ಟಮ್ ಅಡ್ಮಿನಿಸ್ಟ್ರೇಟರುಗಳು ೧೯೮೭ರಲ್ಲಿ ಲೀಸಾ ಎಂಬ ತಮ್ಮದೇ ಸಮ್ಮೇಳನವನ್ನು ನಡೆಸಿದರು. ಒಂದು ಕೆಲಸಕ್ಕೆ ಪ್ರತ್ಯೇಕ ಸಮ್ಮೇಳನವೇ ನಡೆಯತೊಡಗಿತೆಂದರೆ ಅದು ಪ್ರತ್ಯೇಕ ವೃತ್ತಿಯಾಗಿ ನೆಲೆನಿಂತಿತೆಂದೇ ತಿಳಿಯಬೇಕು.

ಎರಡು ವರ್ಗಗಳ ಪ್ರಯೋಜನಗಳು ಪರಸ್ಪರ ವಿರುದ್ಧವಾಗಿದ್ದುದನ್ನು ಇಲ್ಲಿ ಗಮನಿಸಬೇಕು. ರಚಿಸುವವನಿಗೆ ಹೊಸದನ್ನು ತಂದರೆ ಕೀರ್ತಿ. ಕಾಯುವವನಿಗೆ ಏನೂ ಕೆಡದಿದ್ದರೆ ಕೀರ್ತಿ. ಪ್ರತಿಯೊಂದು ಬದಲಾವಣೆಯೂ ಕೆಡುವುದಕ್ಕೆ ಒಂದು ಅವಕಾಶವಾದುದರಿಂದ, ಕಾಯುವವನು ಸಹಜವಾಗಿಯೇ ಬದಲಾವಣೆಯನ್ನು ತಡೆಯುತ್ತಿದ್ದನು. ಹೀಗೆ ಡಿಪ್ಲಾಯ್ ಎಂಬುದು ತಿಂಗಳುಗಳಿಗೊಮ್ಮೆ, ಜನರು ಮಲಗಿರುವ ಹೊತ್ತಿನಲ್ಲಿ, ಉದ್ದವಾದ ಪಟ್ಟಿಯೊಂದನ್ನು ಕೈಯಲ್ಲಿ ಹಿಡಿದು ಭಯದಿಂದ ಮಾಡುವ ಕರ್ಮವಾಗಿ ಪರಿಣಮಿಸಿತು.

೩

ಜಾಲತಾಣಗಳು ಹುಟ್ಟಿದ ಮೇಲೆ ಈ ವಿಭಾಗವು ಸಡಿಲವಾಗತೊಡಗಿತು. ೧೯೯೫ರಲ್ಲಿ ಪಾಲ್ ಗ್ರಹಾಮ್ ಮತ್ತು ರಾಬರ್ಟ್ ಮಾರಿಸ್ ಎಂಬವರು ಅಮೆರಿಕದಲ್ಲಿ ವಯಾವೆಬ್ ಎಂಬ ಸಂಸ್ಥೆಯನ್ನು ಪ್ರಾರಂಭಿಸಿದರು. ವರ್ತಕರು ಜಾಲದಲ್ಲಿ ಅಂಗಡಿ ತೆರೆಯುವುದಕ್ಕೆ ಬೇಕಾದ ತಂತ್ರಾಂಶವನ್ನು ಅವರು ಪೆಟ್ಟಿಗೆಯಲ್ಲಿಟ್ಟು ಮಾರದೆ, ತಮ್ಮ ಸರ್ವರುಗಳಲ್ಲಿಯೇ ನಡೆಸಿದರು. ೧೯೯೮ರಲ್ಲಿ ಯಾಹೂ ಸಂಸ್ಥೆಯು ವಯಾವೆಬ್ಬನ್ನು ಕೊಂಡುಕೊಂಡಿತು. ದಿನಕ್ಕೆ ಹಲವು ಬಾರಿ ತಾವು ತಂತ್ರಾಂಶವನ್ನು ಬದಲಾಯಿಸುತ್ತಿದ್ದುದಾಗಿಯೂ, ಗ್ರಾಹಕರ ದೂರನ್ನು ಕೇಳುವವರು ಬರೆಯುವವರ ಸಮೀಪದಲ್ಲಿಯೇ ಕುಳಿತಿದ್ದುದರಿಂದ ದೋಷವು ತಿಳಿದೊಡನೆಯೇ ತಿದ್ದಲ್ಪಡುತ್ತಿದ್ದುದಾಗಿಯೂ ಗ್ರಹಾಮರು ೨೦೦೧ರ ತಮ್ಮ ಪ್ರಬಂಧವೊಂದರಲ್ಲಿ ಹೇಳಿದ್ದಾರೆ. ನಾವು ವಿಚಾರಿಸುತ್ತಿರುವ ಪದ್ಧತಿಗೆ ಇದು ಸ್ಪಷ್ಟವಾದ ಪೂರ್ವೋದಾಹರಣೆ.

ಎರಡನೆಯ ಘಟ್ಟವು ಷಿಕಾಗೋ ನಗರದ ೩೭ ಸಿಗ್ನಲ್ಸ್ ಎಂಬ ಸಣ್ಣ ಸಂಸ್ಥೆಯದು. ಅದು ೨೦೦೪ರ ಫೆಬ್ರವರಿಯಲ್ಲಿ ಬೇಸ್‌ಕ್ಯಾಂಪ್ ಎಂಬ ಜಾಲತಂತ್ರಾಂಶವನ್ನು ಪ್ರಕಟಿಸಿತು. ಅದರ ರಚನೆಯಿಂದಲೇ ಸಾಮಾನ್ಯಾಂಶಗಳನ್ನು ಬೇರ್ಪಡಿಸಿ ಡೇವಿಡ್ ಹೈನೆಮೈಯರ್ ಹ್ಯಾನ್ಸನ್ ಅವರು ಅದೇ ವರ್ಷ ರೂಬಿ ಆನ್ ರೈಲ್ಸ್ ಎಂಬ ಚೌಕಟ್ಟನ್ನು ಎಲ್ಲರಿಗೂ ಬಿಟ್ಟುಕೊಟ್ಟರು. ಇದರ ಬೆನ್ನಲ್ಲಿಯೇ ಜೇಮಿಸ್ ಬಕ್ ಅವರು ರಚಿಸಿದ ಕ್ಯಾಪಿಸ್ಟ್ರಾನೋ ಎಂಬ ಉಪಕರಣವು ಬಳಕೆಗೆ ಬಂದಿತು. ಅದಕ್ಕೆ ಮುಂಚೆ ಸಣ್ಣ ಬಳಗಗಳು ತಿದ್ದಿದ ಕಡತಗಳನ್ನು ಒಂದೊಂದಾಗಿ ಸರ್ವರಿಗೆ ಕಳುಹಿಸಿ, ಹಳೆಯವುಗಳ ಮೇಲೆಯೇ ಹೊಸವನ್ನು ಬರೆಯುತ್ತಿದ್ದುದು ಸಾಮಾನ್ಯ. ಅರ್ಧದಲ್ಲಿ ನಿಂತರೆ ಹಳೆಯದೂ ಇಲ್ಲ, ಹೊಸದೂ ಇಲ್ಲ. ಕ್ಯಾಪಿಸ್ಟ್ರಾನೋವಿನಲ್ಲಿ ಪ್ರತಿಯೊಂದು ಆವೃತ್ತಿಯೂ ದಿನಾಂಕ ಹಾಗೂ ವೇಳೆಯನ್ನು ಹೊತ್ತ ಬೇರೊಂದು ಕೋಶದಲ್ಲಿ ಪೂರ್ಣವಾಗಿ ಸಿದ್ಧವಾಗುತ್ತದೆ. ಸಿದ್ಧವಾದಮೇಲೆ 'ಪ್ರಸ್ತುತ' ಎಂಬರ್ಥದ ಒಂದು ಸೂಚಕವನ್ನು ಅದರ ಕಡೆಗೆ ತಿರುಗಿಸುವುದಷ್ಟೆ. ಕೆಟ್ಟರೆ ಸೂಚಕವನ್ನು ಹಿಂದಿನ ಕೋಶಕ್ಕೆ ತಿರುಗಿಸಬಹುದು. ಪಾಲಕನ ಕೈಯಲ್ಲಿದ್ದ ಪಟ್ಟಿಯು ಇಲ್ಲಿ ಯಂತ್ರವೇ ಓದಿ ನಡೆಸುವ ಲಿಪಿಯಾಯಿತು.

ಮೂರನೆಯದು ಯಂತ್ರಗಳನ್ನು ಬಾಡಿಗೆಗೆ ಕೊಡುವ ಪದ್ಧತಿ. ಅಮೆಜಾನ್ ಸಂಸ್ಥೆಯು ೨೦೦೬ರ ಮಾರ್ಚಿಯಲ್ಲಿ ಕಡತಗಳನ್ನಿಡುವ ಎಸ್೩ ಸೇವೆಯನ್ನೂ, ಆಗಸ್ಟಿನಲ್ಲಿ ಗಂಟೆಗೆ ೧೦ ಸೆಂಟುಗಳ ದರದಿಂದ ಸರ್ವರುಗಳನ್ನು ಕೊಡುವ ಇಸಿ೨ ಸೇವೆಯನ್ನೂ ತೆರೆಯಿತು. ೨೦೦೭ರಲ್ಲಿ ಸ್ಯಾನ್‌ಫ್ರಾನ್ಸಿಸ್ಕೋದಲ್ಲಿ ಪ್ರಾರಂಭವಾದ ಹೆರೋಕು ಇನ್ನೊಂದು ಹೆಜ್ಜೆ ಮುಂದೆ ಹೋಯಿತು. ೨೦೦೫ರಲ್ಲಿ ಲೀನಸ್ ಟೋರ್ವಾಲ್ಡ್ಸ್ ರಚಿಸಿದ ಗಿಟ್ ಎಂಬ ಸಾಧನವು, ಪಾಠಾಂತರಗಳನ್ನು ಗುರುತಿಸಿಡುವ ಸಂಪಾದಕನಂತೆ, ಯಾರು ಯಾವಾಗ ಯಾವ ಪಂಕ್ತಿಯನ್ನು ತಿದ್ದಿದರೆಂಬುದನ್ನು ಉಳಿಸಿಡುತ್ತದೆ. ಗಿಟ್ಟಿನ ಒಂದು ಆಜ್ಞೆಯಿಂದ ಕೋಡನ್ನು ಹೆರೋಕುವಿಗೆ ತಳ್ಳಿದರೆ, ಅದನ್ನು ಕಟ್ಟಿ ನಿಲ್ಲಿಸಿ ನಡೆಸುವ ಉಳಿದ ಭಾರವೆಲ್ಲವೂ ಆ ಸಂಸ್ಥೆಯದೇ ಆಯಿತು. ಸರ್ವರನ್ನು ಕಣ್ಣಿನಿಂದ ಕಾಣದವರೂ ಜಾಲತಂತ್ರಾಂಶವನ್ನು ನಡೆಸುವಂತಾದುದು ಹೀಗೆ.

ಅದೇ ೨೦೦೬ರಲ್ಲಿ ಅಮೆಜಾನಿನ ವರ್ನರ್ ವೋಗೆಲ್ಸ್ ಅವರು ಸಂದರ್ಶನವೊಂದರಲ್ಲಿ, ಕಟ್ಟಿದವರೇ ನಡೆಸಬೇಕೆಂಬ ನಿಯಮವನ್ನು ತಮ್ಮ ಸಂಸ್ಥೆಯ ರೀತಿಯೆಂದು ವಿವರಿಸಿದರು. ತಾನು ಬರೆದುದು ರಾತ್ರಿ ಕೆಟ್ಟರೆ ತನ್ನ ನಿದ್ರೆಯೇ ಕೆಡುವುದೆಂದು ಬಲ್ಲವನು ಎಚ್ಚರಿಕೆಯಿಂದ ಬರೆಯುವನೆಂಬುದು ಈ ನಿಯಮದ ಯುಕ್ತಿ. ಅರವತ್ತು ವರ್ಷಗಳ ಹಿಂದೆ ಎನಿಯಾಕ್ ಯಂತ್ರದ ಬಳಿ ಸಹಜವಾಗಿದ್ದ ಐಕ್ಯವು ಈಗ ನಿಯಮರೂಪದಿಂದ ಮರಳಿ ಬಂದಿತೆನ್ನಬಹುದು.

೪

ಇಷ್ಟೊಂದು ಬಾರಿ ಬದಲಾಯಿಸಿದರೆ ಅಪಾಯವು ಹೆಚ್ಚುವುದಿಲ್ಲವೆ ಎಂದು ಆಕ್ಷೇಪಿಸಬಹುದು. ಇದಕ್ಕೆ ಸಮಾಧಾನವುಂಟು. ಆರು ತಿಂಗಳ ಬದಲಾವಣೆಗಳನ್ನು ಒಟ್ಟುಗೂಡಿಸಿ ಒಮ್ಮೆಗೇ ಡಿಪ್ಲಾಯ್ ಮಾಡಿ ಅದು ಕೆಟ್ಟರೆ, ಸಾವಿರಾರು ಪಂಕ್ತಿಗಳಲ್ಲಿ ಯಾವುದು ಕಾರಣವೆಂದು ಹುಡುಕಬೇಕು. ಹತ್ತು ಪಂಕ್ತಿಗಳನ್ನು ಬದಲಾಯಿಸಿದೊಡನೆ ಕೆಟ್ಟರೆ ಕಾರಣವು ಬಹುಮಟ್ಟಿಗೆ ಆ ಹತ್ತರಲ್ಲಿಯೇ ಇರುತ್ತದೆ. ಬರೆದವನಿಗೂ ಅದು ಇನ್ನೂ ನೆನಪಿನಲ್ಲಿರುತ್ತದೆ. ಆದ್ದರಿಂದ ಚಿಕ್ಕ ಬದಲಾವಣೆಗಳ ನಿತ್ಯಾಭ್ಯಾಸವು ದೊಡ್ಡ ಬದಲಾವಣೆಯ ಅಪರೂಪದ ಸಾಹಸಕ್ಕಿಂತ ನಿರಪಾಯವೆಂಬ ವಾದವು ಯುಕ್ತಿಯುಕ್ತವಾಗಿದೆ. ಐ.ಎಂ.ವಿ.ಯು. ಎಂಬ ಸಂಸ್ಥೆಯಲ್ಲಿ ದಿನಕ್ಕೆ ಸರಾಸರಿ ೫೦ ಬಾರಿ ಡಿಪ್ಲಾಯ್ ಮಾಡುತ್ತಿದ್ದುದನ್ನು ಅಲ್ಲಿಯ ಟಿಮೊತಿ ಫಿಟ್ಸ್ ಅವರು ೨೦೦೯ರಲ್ಲಿ ವಿವರಿಸಿ ಬರೆದರು. ಆದರೆ ಅಲ್ಲಿ ಪ್ರತಿಯೊಂದು ಬದಲಾವಣೆಯೂ ಮೊದಲು ಸಾವಿರಾರು ಪರೀಕ್ಷೆಗಳನ್ನು ದಾಟಬೇಕಾಗಿತ್ತು. ಮೊದಲು ಕೆಲವು ಸರ್ವರುಗಳಿಗೆ ಮಾತ್ರ ಅದು ಹೋಗುತ್ತಿತ್ತು. ಸಂಖ್ಯೆಗಳು ಏರುಪೇರಾದರೆ ಯಂತ್ರವೇ ಅದನ್ನು ಹಿಂದೆಗೆಯುತ್ತಿತ್ತು. ಬರಿಯ ವೇಗವನ್ನು ಮೆಚ್ಚಿ ಈ ಮೂರು ಅಂಗಗಳನ್ನು ಮರೆಯುವವರು ಅರ್ಧ ವಾಕ್ಯವನ್ನು ಮಾತ್ರ ಓದಿದಂತೆ.

ಇಂತಹುದೇ ಇನ್ನೊಂದು ಅಪಾರ್ಥವನ್ನು ಇಲ್ಲಿ ನಿವಾರಿಸಬೇಕಾಗಿದೆ. ೨೦೦೯ರ ಜೂನ್ ತಿಂಗಳಲ್ಲಿ ಸ್ಯಾನ್ ಹೋಸೆ ನಗರದ ವೆಲಾಸಿಟಿ ಸಮ್ಮೇಳನದಲ್ಲಿ ಫ್ಲಿಕರ್ ಸಂಸ್ಥೆಯ ಜಾನ್ ಆಲ್‌ಸ್ಪಾ ಮತ್ತು ಪಾಲ್ ಹ್ಯಾಮಂಡ್ ಅವರು ದಿನಕ್ಕೆ ಹತ್ತಕ್ಕೂ ಹೆಚ್ಚು ಬಾರಿ ಡಿಪ್ಲಾಯ್ ಮಾಡುವ ತಮ್ಮ ಕ್ರಮವನ್ನು ಕುರಿತು ಉಪನ್ಯಾಸ ಮಾಡಿದರು. ಪಾಲಕವರ್ಗವು ಬೇಡವೆನ್ನುವವರು ಈ ಉಪನ್ಯಾಸವನ್ನೇ ಪ್ರಮಾಣವಾಗಿ ಎತ್ತಿ ಹೇಳುವುದುಂಟು. ಆದರೆ ಉಪನ್ಯಾಸದ ವಿಷಯವು ಎರಡು ವರ್ಗಗಳ ಸಹಕಾರವೇ ಹೊರತು ಒಂದರ ಲೋಪವಲ್ಲ. ವಕ್ತೃಗಳಲ್ಲಿ ಆಲ್‌ಸ್ಪಾ ಅವರು ಆಪರೇಷನ್ಸ್ ಪಕ್ಷದವರು, ಹ್ಯಾಮಂಡ್ ಅವರು ರಚನೆಯ ಪಕ್ಷದವರು. ಅದೇ ವರ್ಷದ ಅಕ್ಟೋಬರಿನಲ್ಲಿ ಬೆಲ್ಜಿಯಂ ದೇಶದ ಗೆಂಟ್ ನಗರದಲ್ಲಿ ಪ್ಯಾಟ್ರಿಕ್ ಡೆಬೋಯ್ ಅವರು ಕೂಡಿಸಿದ ಸಮ್ಮೇಳನದಿಂದ ಪ್ರಸಿದ್ಧಿಗೆ ಬಂದ ಡೆವ್‌ಆಪ್ಸ್ ಎಂಬ ಪದವೂ ಇದಕ್ಕೆ ಸಾಕ್ಷಿಯಾಗಿದೆ. ಅದು ಎರಡು ಹೆಸರುಗಳನ್ನು ಜೋಡಿಸಿ ಮಾಡಿದ ಪದ. ದ್ವಂದ್ವಸಮಾಸದಲ್ಲಿ ಎರಡು ಪದಗಳಿಗೂ ಪ್ರಾಧಾನ್ಯವುಂಟೆಂಬುದನ್ನು ಈ ಪತ್ರಿಕೆಯ ವಾಚಕರಿಗೆ ಬಿಡಿಸಿ ಹೇಳಬೇಕಾದುದಿಲ್ಲ.

೫

ಇನ್ನು ನಿಜವಾಗಿಯೂ ಅಲ್ಪಸಂಖ್ಯಾಕರಾಗಿದ್ದ ಬಳಗವೊಂದನ್ನು ನೋಡೋಣ. ಇನ್‌ಸ್ಟಾಗ್ರಾಂ ೨೦೧೦ರ ಅಕ್ಟೋಬರಿನಲ್ಲಿ ಪ್ರಾರಂಭವಾಯಿತು. ೨೦೧೨ರ ಏಪ್ರಿಲಿನಲ್ಲಿ ಫೇಸ್‌ಬುಕ್ ಸಂಸ್ಥೆಯು ಅದನ್ನು ೧೦೦ ಕೋಟಿ ಡಾಲರುಗಳಿಗೆ ಕೊಂಡುಕೊಳ್ಳುವುದಾಗಿ ಪ್ರಕಟಿಸಿದಾಗ ಅಲ್ಲಿ ಇದ್ದವರು ೧೩ ಮಂದಿ. ಅದಕ್ಕೆ ಕೆಲವು ತಿಂಗಳ ಹಿಂದೆ, ಬಳಕೆದಾರರ ಸಂಖ್ಯೆಯು ೧ ಕೋಟಿ ೪೦ ಲಕ್ಷವನ್ನು ದಾಟಿದ್ದಾಗ, ತಮ್ಮ ವ್ಯವಸ್ಥೆಯನ್ನು ಅವರೇ ವಿವರಿಸಿ ಬರೆದಿದ್ದಾರೆ. ಸರಳವಾಗಿರಬೇಕು, ಇರುವುದನ್ನು ಮರಳಿ ರಚಿಸಬಾರದು, ಪರೀಕ್ಷಿತವಾದ ಸಾಧನಗಳನ್ನೇ ಅವಲಂಬಿಸಬೇಕು ಎಂಬುದು ಅವರ ಸೂತ್ರ. ಸರ್ವರುಗಳು ಅಮೆಜಾನಿನಿಂದ ಬಾಡಿಗೆಗೆ ಪಡೆದವು. ಎಲ್ಲ ಯಂತ್ರಗಳಿಗೂ ಏಕಕಾಲದಲ್ಲಿ ಆಜ್ಞೆಯನ್ನು ಕಳುಹಿಸುವ ಉಪಕರಣದಿಂದ ಡಿಪ್ಲಾಯ್ ಕೆಲವೇ ಸೆಕೆಂಡುಗಳಲ್ಲಿ ಮುಗಿಯುತ್ತಿತ್ತು.

ಹಾಗಾದರೆ ಇಲ್ಲಿ ಪಾಲಕರಿರಲಿಲ್ಲವೆ? ಅದೇ ವಿವರಣೆಯಲ್ಲಿ, ತಾಣವು ನಡೆಯುತ್ತಿದೆಯೇ ಎಂದು ಹೊರಗಿನಿಂದ ನೋಡುತ್ತಿರುವ ಒಂದು ಸೇವೆಯ ಹೆಸರೂ, ಕೆಟ್ಟರೆ ಬಳಗದವರನ್ನು ಕರೆದೆಬ್ಬಿಸುವ ಪೇಜರ್‌ಡ್ಯೂಟಿ ಎಂಬ ಇನ್ನೊಂದು ಸೇವೆಯ ಹೆಸರೂ ಕಂಡುಬರುತ್ತವೆ. ಯಂತ್ರಗಳ ಬಿಸಿ, ವಿದ್ಯುತ್ತು, ಸವೆದ ಡಿಸ್ಕುಗಳು ಇವುಗಳನ್ನು ಅಮೆಜಾನಿನ ನೌಕರರು ನೋಡಿಕೊಳ್ಳುತ್ತಿದ್ದರು. ಉಳಿದುದನ್ನು ನೋಡಿಕೊಳ್ಳಲು ಬರೆದವರೇ ನಡುರಾತ್ರಿಯಲ್ಲಿ ಏಳುತ್ತಿದ್ದರು. ಪಾಲಕನೆಂಬ ಪದವಿಯಿರಲಿಲ್ಲ, ಪಾಲನೆಯೆಂಬ ಕರ್ಮವು ಇದ್ದೇ ಇತ್ತು. ಅದರ ಒಂದು ಪಾಲು ಬಾಡಿಗೆಯಲ್ಲಿಯೂ, ಒಂದು ಪಾಲು ಉಪಕರಣಗಳಲ್ಲಿಯೂ, ಇನ್ನೊಂದು ಪಾಲು ಬರೆಯುವವರ ನಿದ್ರೆಯಲ್ಲಿಯೂ ಹಂಚಿಹೋಗಿತ್ತು. ಈ ಮೂರನೆಯ ಪಾಲು ಯಾವ ಲೆಕ್ಕದ ಪುಸ್ತಕದಲ್ಲಿಯೂ ಬರೆಯಲ್ಪಡುವುದಿಲ್ಲ. ಆದ್ದರಿಂದಲೇ ಅದು ಇಲ್ಲವೆಂಬ ಭ್ರಾಂತಿಯುಂಟಾಗುತ್ತದೆ.

೬

ಕರ್ಮವಿದ್ದು ಕರ್ತೃವು ಗೊತ್ತಾಗದಿದ್ದರೆ ಏನಾಗುವುದೆಂಬುದಕ್ಕೆ ಎರಡು ದೃಷ್ಟಾಂತಗಳನ್ನು ಕೊಡಬಹುದು. ಮೊದಲನೆಯದು ಸಣ್ಣ ಬಳಗದ್ದೂ ಅಲ್ಲ, ಜಾಲತಂತ್ರಾಂಶದ್ದೂ ಅಲ್ಲ. ಆದರೂ ಡಿಪ್ಲಾಯ್ ಎಂಬ ಕರ್ಮದ ದೋಷವನ್ನು ಅದರಷ್ಟು ಸ್ಪಷ್ಟವಾಗಿ ತೋರಿಸುವುದು ಬೇರೊಂದಿಲ್ಲ. ಅಮೆರಿಕದ ಷೇರುಪೇಟೆಯ ನೈಟ್ ಕ್ಯಾಪಿಟಲ್ ಸಂಸ್ಥೆಯು ೨೦೧೨ರಲ್ಲಿ ಹೊಸ ಕೋಡನ್ನು ಎಂಟು ಸರ್ವರುಗಳಿಗೆ ಹಾಕಬೇಕಾಗಿತ್ತು. ಒಂದಕ್ಕೆ ಹಾಕುವುದು ಬಿಟ್ಟುಹೋಯಿತು. ಮಾಡಿದ ಕೆಲಸವನ್ನು ಇನ್ನೊಬ್ಬರು ಮತ್ತೊಮ್ಮೆ ನೋಡಬೇಕೆಂಬ ನಿಯಮವಿರಲಿಲ್ಲ. ಆಗಸ್ಟ್ ೧ರ ಬೆಳಗ್ಗೆ ಆ ಒಂದು ಸರ್ವರಿನಲ್ಲಿ ಉಳಿದಿದ್ದ, ವರ್ಷಗಳಿಂದ ಉಪಯೋಗವಿಲ್ಲದ ಹಳೆಯ ಕೋಡು ಎಚ್ಚೆತ್ತು ಸುಮಾರು ೪೫ ನಿಮಿಷಗಳ ಕಾಲ ತಡೆಯಿಲ್ಲದೆ ವ್ಯಾಪಾರ ಮಾಡಿತು. ನಷ್ಟವು ೪೬ ಕೋಟಿ ಡಾಲರುಗಳನ್ನು ಮೀರಿತೆಂದು ೨೦೧೩ರಲ್ಲಿ ಅಲ್ಲಿಯ ನಿಯಂತ್ರಣಾಧಿಕಾರಿಗಳು ತಮ್ಮ ಆಜ್ಞೆಯಲ್ಲಿ ದಾಖಲಿಸಿದರು. ಪೇಟೆ ತೆರೆಯುವ ಮುನ್ನವೇ ದೋಷವನ್ನು ಸೂಚಿಸುವ ೯೭ ಇ-ಮೇಲುಗಳು ಸಂಸ್ಥೆಯವರಿಗೆ ಹೋಗಿದ್ದುವು. ಅವುಗಳನ್ನು ಎಚ್ಚರಿಕೆಯೆಂದು ಎಣಿಸಿ ನೋಡುವ ವ್ಯವಸ್ಥೆಯಿರಲಿಲ್ಲ.

ಎರಡನೆಯದು ನಮ್ಮ ವಿಷಯಕ್ಕೆ ಇನ್ನೂ ಹತ್ತಿರವಾದುದು. ೨೦೧೭ರ ಜನವರಿ ೩೧ರಂದು ಗಿಟ್‌ಲ್ಯಾಬ್ ಸಂಸ್ಥೆಯ ಎಂಜಿನಿಯರೊಬ್ಬರು ರಾತ್ರಿ ಬಹಳ ಹೊತ್ತು ಕೆಲಸಮಾಡುತ್ತ, ಉಪ ಡೇಟಾಬೇಸೆಂದು ಭಾವಿಸಿ ಮುಖ್ಯ ಡೇಟಾಬೇಸಿನ ಕಡತಗಳನ್ನೇ ಅಳಿಸಿದರು. ಸುಮಾರು ೩೦೦ ಜಿ.ಬಿ.ಗಳಲ್ಲಿ ಉಳಿದುದು ಸುಮಾರು ೪.೫ ಜಿ.ಬಿ. ಮಾತ್ರ. ಆಗ ನೋಡಿದರೆ ದಿನವೂ ಆಗುತ್ತಿದೆಯೆಂದು ನಂಬಿದ್ದ ಬ್ಯಾಕಪ್ ಆಗುತ್ತಲೇ ಇರಲಿಲ್ಲ. ಅದು ವಿಫಲವಾಗುತ್ತಿದೆಯೆಂದು ತಿಳಿಸುವ ಇ-ಮೇಲುಗಳೂ ತಿರಸ್ಕೃತವಾಗಿ ಯಾರಿಗೂ ತಲಪುತ್ತಿರಲಿಲ್ಲ. ಬೇರೊಂದು ಉದ್ದೇಶಕ್ಕಾಗಿ ಸುಮಾರು ೬ ಗಂಟೆಗಳ ಹಿಂದೆ ತೆಗೆದಿದ್ದ ಪ್ರತಿಯೊಂದು ಇದ್ದುದರಿಂದ ಉಳಿದುಕೊಂಡರು. ನಡುವಣ ಬರಹವು ನಷ್ಟವಾಯಿತು. ಸಂಸ್ಥೆಯು ಏನನ್ನೂ ಮುಚ್ಚಿಡದೆ ವೃತ್ತಾಂತವನ್ನು ಪ್ರಕಟಿಸಿದುದು ಪ್ರಶಂಸನೀಯ. ಬ್ಯಾಕಪ್ಪನ್ನು ಆಗಾಗ್ಗೆ ಪರೀಕ್ಷಿಸದಿರುವುದಕ್ಕೆ ಕಾರಣವೇನೆಂಬ ಪ್ರಶ್ನೆಗೆ, ಅದು ಯಾರೊಬ್ಬರ ಹೊಣೆಯೂ ಆಗಿರಲಿಲ್ಲವೆಂಬ ಉತ್ತರವು ಆ ವೃತ್ತಾಂತದಲ್ಲಿಯೇ ಇದೆ. ಪ್ರಕೃತ ವಿಚಾರಕ್ಕೆ ಇದಕ್ಕಿಂತ ಬಲವಾದ ಪ್ರಮಾಣವು ಬೇಕಾಗಿಲ್ಲ. ಅಳಿಸಿದ ಕೈ ಒಂದು ನಿಮಿತ್ತಮಾತ್ರ. ಹೊಣೆಯು ಒಬ್ಬರದಲ್ಲವಾದುದೇ ಮೂಲಕಾರಣ.

೭

ಇತ್ತೀಚಿನ ಒಂದು ಸಂಗತಿಯನ್ನು ಹೇಳಿ ಈ ವಿಚಾರವನ್ನು ಮುಗಿಸಬಹುದು. ಮೇಲೆ ಹೇಳಿದ ೩೭ ಸಿಗ್ನಲ್ಸ್ ಸಂಸ್ಥೆಯು ೨೦೨೨ರ ಅಕ್ಟೋಬರಿನಲ್ಲಿ ತಾನು ಕ್ಲೌಡಿನ ಬಾಡಿಗೆ ಯಂತ್ರಗಳನ್ನು ಬಿಟ್ಟು ಸ್ವಂತ ಯಂತ್ರಗಳಿಗೆ ಮರಳುವುದಾಗಿ ಪ್ರಕಟಿಸಿತು. ಆ ಒಂದು ವರ್ಷದ ಬಾಡಿಗೆಯು ಸುಮಾರು ೩೨ ಲಕ್ಷ ಡಾಲರುಗಳೆಂದು ಲೆಕ್ಕವನ್ನೂ ತೋರಿಸಿತು. ಯಂತ್ರಗಳನ್ನು ಬಾಡಿಗೆಗೆ ಪಡೆದುದರಿಂದ ಪಾಲಕರ ಸಂಖ್ಯೆಯೇನೂ ಕಡಿಮೆಯಾಗಲಿಲ್ಲವೆಂಬುದು ಹ್ಯಾನ್ಸನ್ ಅವರು ಕೊಟ್ಟ ಕಾರಣಗಳಲ್ಲಿ ಒಂದು. ಸ್ವಂತ ಯಂತ್ರಗಳಿಗೂ ಒಂದೇ ಆಜ್ಞೆಯಿಂದ ಡಿಪ್ಲಾಯ್ ಮಾಡುವುದಕ್ಕಾಗಿ ಅವರು ೨೦೨೩ರಲ್ಲಿ ಕಮಾಲ್ ಎಂಬ ಉಪಕರಣವನ್ನು ಬಿಟ್ಟುಕೊಟ್ಟರು. ಇನ್ನೊಂದು ಕಡೆ ಹೆರೋಕು ಸಂಸ್ಥೆಯು ಬಹುಕಾಲ ಧರ್ಮಾರ್ಥವಾಗಿ ಕೊಡುತ್ತಿದ್ದ ಸೇವೆಯನ್ನು ೨೦೨೨ರ ನವೆಂಬರ್ ೨೮ರಿಂದ ನಿಲ್ಲಿಸಿತು. ಅದನ್ನು ಅವಲಂಬಿಸಿದ್ದವರು ಹಣ ಕೊಡಬೇಕಾಯಿತು, ಇಲ್ಲವೆ ಬೇರೆ ಆಶ್ರಯವನ್ನು ಹುಡುಕಬೇಕಾಯಿತು. ಅನ್ಯರ ಕೈಯಲ್ಲಿಟ್ಟ ಕ್ಷೇಮಕ್ಕೆ ಅನ್ಯರ ಇಚ್ಛೆಯೇ ಅವಧಿಯೆಂಬುದು ಇದರಿಂದ ವ್ಯಕ್ತವಾಗುತ್ತದೆ.

ಆದುದರಿಂದ ಸಿದ್ಧಾಂತವು ಹೀಗಾಗುತ್ತದೆ. ರಚಿಸುವವರೂ ಕಾಯುವವರೂ ಬೇರ್ಪಟ್ಟುದು ಯಂತ್ರದ ಬೆಲೆಯ ಕಾರಣದಿಂದ. ಯಂತ್ರವು ಅಗ್ಗವಾಗಿ ಪಟ್ಟಿಯು ಲಿಪಿಯಾದಾಗ ಅವರು ಮತ್ತೆ ಒಂದಾದುದು ಸಹಜವೇ. ಚಿಕ್ಕ ಬದಲಾವಣೆಗಳನ್ನು ದಿನದಿನವೂ ಮಾಡುವ ಪದ್ಧತಿಯು ದೂಷ್ಯವಲ್ಲ. ಅದು ಅನೇಕ ವೇಳೆ ಹಳೆಯದಕ್ಕಿಂತ ಮೇಲು. ಆದರೆ ಲೋಪವಾದುದು ಪದವಿಯೇ ಹೊರತು ಕರ್ಮವಲ್ಲ. ವ್ಯಾಕರಣದಲ್ಲಿ ಲೋಪವಾದ ಪ್ರತ್ಯಯವು ಕಣ್ಣಿಗೆ ಕಾಣದಿದ್ದರೂ ತನ್ನ ಕಾರ್ಯವನ್ನು ಮಾಡಿಯೇ ತೀರುವಂತೆ, ಹೆಸರಿಲ್ಲದ ಪಾಲಕನ ಕರ್ಮವೂ ಯಾರದೋ ಮೇಲೆ ಬಿದ್ದೇ ತೀರುತ್ತದೆ. ಅದು ಯಾರ ಮೇಲೆ, ಯಾವ ರಾತ್ರಿ, ಯಾವ ಪ್ರತಿಫಲಕ್ಕೆ ಎಂಬುದನ್ನು ಮುಂಚಿತವಾಗಿ ಗೊತ್ತುಮಾಡಿಕೊಂಡಿರುವ ಬಳಗವು, ಮೂವರದ್ದಾದರೂ, ತಕ್ಕಮಟ್ಟಿಗೆ ಸುರಕ್ಷಿತವಾಗಿರುತ್ತದೆ. ಸರದಿಯನ್ನು ಬರೆದಿಡುವುದು, ಬ್ಯಾಕಪ್ಪಿನಿಂದ ನಿಜವಾಗಿಯೂ ಮರಳಿ ಪಡೆಯಬಹುದೇ ಎಂದು ನಿಯತಕಾಲದಲ್ಲಿ ಪರೀಕ್ಷಿಸುವುದು, ಹಿಂದಿನ ಆವೃತ್ತಿಗೆ ಮರಳುವ ದಾರಿಯನ್ನು ಯಾವಾಗಲೂ ತೆರೆದಿಡುವುದು: ಇವು ಮೂರೂ ಅಲ್ಪಬಲದವರಿಗೂ ಸಾಧ್ಯವಾದವುಗಳೇ. ಇವುಗಳನ್ನು ಗೊತ್ತುಮಾಡಿಕೊಳ್ಳದೆ ಎಲ್ಲರೂ ನೋಡಿಕೊಳ್ಳುತ್ತಾರೆಂದು ನಂಬಿರುವ ಬಳಗದಲ್ಲಿ ಯಾರೂ ನೋಡ���ಕೊಳ್ಳುವುದಿಲ್ಲ.

ಹೊಸ ವೃತ್ತಿಗಳ ಇತಿಹಾಸವನ್ನು ಕನ್ನಡದಲ್ಲಿ ಬರೆಯುವ ಕಾರ್ಯವು ಇನ್ನೂ ಬಹುಮಟ್ಟಿಗೆ ಉಳಿದಿದೆ. ಮೇಲೆ ಸೂಚಿಸಿದ ಅಭಿಪ್ರಾಯಗಳಲ್ಲಿ ಗ್ರಾಹ್ಯವಾದುದನ್ನು ಗ್ರಹಿಸಿ, ನ್ಯೂನತೆಗಳಿದ್ದರೆ ತಿದ್ದಿ, ಈ ವಿಚಾರವನ್ನು ಮುಂದುವರಿಸಬೇಕಾಗಿ ವಿದ್ವಾಂಸರಲ್ಲಿ ವಿಜ್ಞಾಪನೆ.